ವೈಡ್ ರಿಸೀವರ್‌ಗೆ ಅಷ್ಟು ದುಡ್ಡು ಕೊಡಬೇಕಾ? ಬ್ರ್ಯಾಂಡನ್ ಐಯುಕ್ ಒಪ್ಪಂದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಂತಾ ಕ್ಲಾರಾ, ಸನ್ನಿವೇಲ್, ಫ್ರೀಮಾಂಟ್ ಕಡೆ ಇರುವ ಕನ್ನಡಿಗರಿಗೆ ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್ ಊರಿನ ತಂಡ. 2014ರಿಂದ ಅವರ ಲೀವೈಸ್ ಸ್ಟೇಡಿಯಂ ಸಾಂತಾ ಕ್ಲಾರಾದಲ್ಲೇ ಇದೆ. 2024ರ ಬೇಸಿಗೆ ಪೂರ್ತಿ ಆಫೀಸಿನಲ್ಲಿ ಊಟಕ್ಕೆ ಕೂತರೂ ಇದೇ ಮಾತು. ತಂಡದ ವೈಡ್ ರಿಸೀವರ್ ಬ್ರ್ಯಾಂಡನ್ ಐಯುಕ್‌ನನ್ನು ಉಳಿಸಿಕೊಳ್ಳಬೇಕಾ, ಬಿಡಬೇಕಾ? ಅಮೆರಿಕನ್ ಫುಟ್ಬಾಲ್ ಹೊಸದಾಗಿ ನೋಡೋಕೆ ಶುರು ಮಾಡಿದ ಗೆಳೆಯರು ಕೇಳಿದ, ಈಗಲೂ ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ನೈನರ್ಸ್ ಅಭಿಮಾನಿ. ಆದ್ದರಿಂದ ಲೆಕ್ಕದ ಜೊತೆ ನನ್ನ ಅಭಿಪ್ರಾಯವೂ ಇದೆ.

ವೈಡ್ ರಿಸೀವರ್ ಅಂದ್ರೆ ಯಾರು?

ಮೈದಾನದ ಅಂಚಿನ ಹತ್ತಿರ ನಿಂತು, ಓಡಿ ಹೋಗಿ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಟಿವಿಯಲ್ಲಿ ನಮಗೆ ಕಾಣೋದು ಆ ಕ್ಯಾಚ್ ಮಾತ್ರ. ಅವನ ನಿಜವಾದ ಕೆಲಸ ಅದಕ್ಕೂ ಎರಡು ಸೆಕೆಂಡ್ ಮುಂಚಿನದ್ದು. ಎದುರಿಗಿರುವ ಡಿಫೆಂಡರ್‌ನನ್ನು ಏಮಾರಿಸಿ, ಒಂದೆರಡು ಗಜ ಜಾಗ ಮಾಡಿಕೊಳ್ಳೋದು. ಆ ಜಾಗಕ್ಕೇ ಇಷ್ಟೆಲ್ಲಾ ಬೆಲೆ.

ಐಯುಕ್ ಯಾಕೆ ಅಷ್ಟು ದೊಡ್ಡ ಸುದ್ದಿ ಆದ?

2020ರ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳೋದು) ನೈನರ್ಸ್ ಅವನನ್ನು 25ನೇ ಆಯ್ಕೆಯಾಗಿ ತೆಗೆದುಕೊಂಡರು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಿಂದ ಬಂದ ಹುಡುಗ. ಎರಡನೇ ವರ್ಷದ ಆರಂಭದಲ್ಲಿ ಕೋಚ್ ಕೈಲ್ ಶಾನಹನ್ ಅವರಿಗೆ ಅವನ ಆಟ ಹಿಡಿಸಲಿಲ್ಲ, ಹೆಚ್ಚು ಅವಕಾಶ ಕೊಡಲಿಲ್ಲ. ಅವನು ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದ. 2022ರಲ್ಲಿ 1,015 ಗಜ, 2023ರಲ್ಲಿ 75 ಕ್ಯಾಚ್, 1,342 ಗಜ, 7 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ಅಂಕ ಗಳಿಸೋದು). ಅಂದರೆ ಒಂದೊಂದು ಕ್ಯಾಚಿಗೆ ಸರಾಸರಿ 18 ಗಜದ ಹತ್ತಿರ. ಡೀಬೋ ಸ್ಯಾಮ್ಯುಯೆಲ್, ಜಾರ್ಜ್ ಕಿಟಲ್, ಕ್ರಿಶ್ಚಿಯನ್ ಮೆಕ್ಯಾಫ್ರಿಯಂಥ ತಾರೆಗಳು ಇದ್ದ ತಂಡದಲ್ಲಿ ಚೆಂಡು ಹಂಚಿ ಹೋಗುತ್ತಿತ್ತು. ಅಂಥ ಕಡೆ ಇಷ್ಟು ಗಜ ಗಳಿಸೋದು ಸುಮ್ನೆ ಮಾತಲ್ಲ.

ಒಂದು ಕ್ಯಾಚ್ ಬಗ್ಗೆ ಹೇಳಲೇಬೇಕು. 2024ರ ಜನವರಿ 28, ಡೆಟ್ರಾಯ್ಟ್ ಲಯನ್ಸ್ ವಿರುದ್ಧ ಕಾನ್ಫರೆನ್ಸ್ ಫೈನಲ್. ಅರ್ಧ ಆಟಕ್ಕೆ ನೈನರ್ಸ್ 24-7ರಿಂದ ಹಿಂದೆ. ಮೂರನೇ ಕ್ವಾರ್ಟರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಉದ್ದಕ್ಕೆ ಎಸೆದ ಚೆಂಡು ನೇರವಾಗಿ ಲಯನ್ಸ್ ಡಿಫೆಂಡರ್ ಕಡೆಗೇ ಹೋಯಿತು. ಅವನ ಕೈ ತಪ್ಪಿ, ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಪುಟಿಯಿತು. ಬೇರೆ ಯಾರಾದರೂ ಆಗಿದ್ದರೆ ಚೆಂಡು ಹೋಯ್ತು ಅಂದುಕೊಂಡು ಓಟ ನಿಲ್ಲಿಸುತ್ತಿದ್ದರು. ಐಯುಕ್ ಕಣ್ಣು ತೆಗೆಯಲಿಲ್ಲ. ಚೆಂಡು ನೆಲ ಮುಟ್ಟುವ ಮುಂಚೆ ಮುಂದಕ್ಕೆ ಬಿದ್ದು ಹಿಡಿದ. 51 ಗಜ! ಸ್ವಲ್ಪ ಹೊತ್ತಿನಲ್ಲೇ ಟಚ್‌ಡೌನ್ ಹಿಡಿದವನೂ ಅವನೇ. ನೈನರ್ಸ್ 34-31ರಿಂದ ಗೆದ್ದು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಹೋದರು. ಆ ರಾತ್ರಿ ಬೇ ಏರಿಯಾದಲ್ಲಿ ಯಾರನ್ನು ಕೇಳಿದ್ದರೂ "ಎಷ್ಟಾದರೂ ಕೊಡಿ, ಅವನನ್ನು ಬಿಡಬೇಡಿ" ಅನ್ನುತ್ತಿದ್ದರು.

ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತಲ್ಲ, ಆಗಲೇ ಯಾಕೆ ಹೊಸ ಒಪ್ಪಂದ ಕೇಳಿದ?

ಡ್ರಾಫ್ಟ್ ಆದ ಹುಡುಗರಿಗೆ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಸಂಬಳ ಎಷ್ಟು ಅನ್ನೋದು ಆಯ್ಕೆಯ ಸಂಖ್ಯೆಯ ಮೇಲೆ ಹೆಚ್ಚುಕಮ್ಮಿ ಮೊದಲೇ ಗೊತ್ತಾಗಿರುತ್ತದೆ. ಮೊದಲ ಸುತ್ತಿನಲ್ಲಿ ಬಂದವರಿಗೆ ಮಾತ್ರ ಐದನೇ ವರ್ಷ ಸೇರಿಸುವ ಹಕ್ಕು ತಂಡಕ್ಕಿದೆ. ಐಯುಕ್‌ಗೆ ಆ ಐದನೇ ವರ್ಷ 2024. ಸಂಬಳ ಸುಮಾರು 1.41 ಕೋಟಿ ಡಾಲರ್.

ಕೇಳೋಕೆ ದೊಡ್ಡ ಮೊತ್ತವೇ. ಆದರೆ ಆ ಹೊತ್ತಿಗೆ ಅವನ ಮಟ್ಟದ ರಿಸೀವರ್‌ಗಳು ವರ್ಷಕ್ಕೆ ಅದರ ಎರಡರಷ್ಟು ತೆಗೆದುಕೊಳ್ಳುತ್ತಿದ್ದರು. ಈ ಆಟದಲ್ಲಿ ಒಂದೇ ಒಂದು ಟ್ಯಾಕಲ್‌ಗೆ ಮಂಡಿ ಹೋಗಬಹುದು. ಹೋದರೆ ಮುಂದಿನ ಒಪ್ಪಂದದ ಆಸೆಯೂ ಹೋದಂತೆ. ಹಾಗಾಗಿ "ಇನ್ನೊಂದು ವರ್ಷ ಆಡು, ಆಮೇಲೆ ನೋಡೋಣ" ಅನ್ನೋದು ತಂಡಕ್ಕೆ ಸುಲಭ, ಆಟಗಾರನಿಗೆ ಅಪಾಯ. ಅವನು ಕೇಳಿದ್ದರಲ್ಲಿ ನನಗೆ ದುರಾಸೆ ಕಾಣಲಿಲ್ಲ.

ಸ್ಯಾಲರಿ ಕ್ಯಾಪ್ ಅಂತ ಎಲ್ಲರೂ ಹೇಳ್ತಾರೆ. ಅದು ಏನು?

ಐಪಿಎಲ್ ಹರಾಜಿನ ಪರ್ಸ್ ಗೊತ್ತಲ್ವಾ? 2025ರ ಐಪಿಎಲ್‌ಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ಅದರಲ್ಲಿ 21 ಕೋಟಿ ಕೊಟ್ಟು ವಿರಾಟ್ ಕೊಹ್ಲಿಯನ್ನು ಉಳಿಸಿಕೊಂಡಿತು. ಉಳಿದದ್ದರಲ್ಲಿ ಬೌಲರ್‌ಗಳನ್ನೂ ತರಬೇಕು, ಕೀಪರ್‌ನನ್ನೂ ತರಬೇಕು. ಈ ಆಟದ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೂ ಹಾಗೇ. 2024ರಲ್ಲಿ ಪ್ರತಿ ತಂಡದ ಮಿತಿ 25.54 ಕೋಟಿ ಡಾಲರ್. ಅದರಲ್ಲಿ 53 ಜನರ ತಂಡ ಕಟ್ಟಬೇಕು.

ಐಯುಕ್‌ಗೆ ವರ್ಷಕ್ಕೆ 3 ಕೋಟಿ ಡಾಲರ್ ಅಂದರೆ ಆ ಮಿತಿಯ ಸುಮಾರು ನೂರಕ್ಕೆ 12 ಭಾಗ. ಒಬ್ಬನಿಗೆ ಅಷ್ಟು ಹೋದರೆ ಮಿಕ್ಕ 52 ಜನಕ್ಕೆ ಉಳಿಯೋದು ಎಷ್ಟು ಅನ್ನೋದೇ ಈ ವಾದದ ಬೇರು. ಮಾಲೀಕರ ಜೇಬಿನಲ್ಲಿ ದುಡ್ಡು ಇದೆಯೋ ಇಲ್ಲವೋ ಅನ್ನೋದು ಇಲ್ಲಿ ಮುಖ್ಯವಲ್ಲ.

12 ಕೋಟಿ ಡಾಲರ್ ಒಪ್ಪಂದ ಅಂದ್ರೆ 12 ಕೋಟಿ ಪೂರ್ತಿ ಕೈಗೆ ಸಿಗುತ್ತಾ?

ಇಲ್ಲ. ಹೊಸಬರು ಎಡವೋದು ಇಲ್ಲೇ. ಆಗಸ್ಟ್ 2024ರ ಕೊನೆಯಲ್ಲಿ ಐಯುಕ್ ಸಹಿ ಹಾಕಿದ್ದು ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್‌ಗೆ. ಅದರಲ್ಲಿ ಗ್ಯಾರಂಟಿ ಅಂತ ಹೇಳಿದ್ದು 7.6 ಕೋಟಿ. ಮಿಕ್ಕಿದ್ದು ಅವನು ತಂಡದಲ್ಲಿ ಉಳಿದರೆ ಮಾತ್ರ. ತಂಡ ಮಧ್ಯದಲ್ಲೇ ಕೈಬಿಟ್ಟರೆ ಕೊನೆಯ ವರ್ಷಗಳ ಸಂಬಳ ಕಾಗದದ ಮೇಲಷ್ಟೇ. ಆದ್ದರಿಂದ ಯಾವ ಒಪ್ಪಂದ ನೋಡಿದರೂ ಮೊದಲು ಗ್ಯಾರಂಟಿ ಎಷ್ಟು ಅಂತ ನೋಡಿ.

ಇನ್ನೊಂದು ಲೆಕ್ಕ ಇದೆ. ಸಹಿ ಹಾಕುವಾಗ ಕೊಡುವ ಸೈನಿಂಗ್ ಬೋನಸ್ ಆಟಗಾರನ ಕೈಗೆ ಬೇಗ ಸಿಗುತ್ತದೆ. ಆದರೆ ಕ್ಯಾಪ್ ಲೆಕ್ಕದಲ್ಲಿ ಅದನ್ನು ಐದು ವರ್ಷದವರೆಗೆ ಹಂಚಬಹುದು. 2 ಕೋಟಿ ಬೋನಸ್ ಕೊಟ್ಟರು ಅಂತಿಟ್ಟುಕೊಳ್ಳಿ. ವರ್ಷಕ್ಕೆ 40 ಲಕ್ಷದಂತೆ ಲೆಕ್ಕಕ್ಕೆ ಬರುತ್ತದೆ. ಎರಡು ವರ್ಷದ ನಂತರ ಅವನನ್ನು ಬಿಟ್ಟರೆ ಉಳಿದ 1.2 ಕೋಟಿ ತಂಡದ ತಲೆ ಮೇಲೆ ಬೀಳುತ್ತದೆ. ಆಟಗಾರ ಬೇರೆ ಊರಿನಲ್ಲಿ ಆಡುತ್ತಿರುತ್ತಾನೆ, ಕ್ಯಾಪ್‌ನಲ್ಲಿ ಅವನ ಜಾಗ ಇಲ್ಲೇ ಇರುತ್ತದೆ. ಇದಕ್ಕೆ ಡೆಡ್ ಮನಿ ಅನ್ನುತ್ತಾರೆ. ಡೀಬೋನನ್ನು ಮಾರ್ಚ್ 2025ರಲ್ಲಿ ವಾಷಿಂಗ್ಟನ್‌ಗೆ ಟ್ರೇಡ್ ಮಾಡಿದಾಗ (ಡ್ರಾಫ್ಟ್ ಆಯ್ಕೆಗೆ ಬದಲಾಗಿ ಬೇರೆ ತಂಡಕ್ಕೆ ಕೊಟ್ಟಾಗ) ನೈನರ್ಸ್‌ಗೆ ಸಿಕ್ಕಿದ್ದು ಐದನೇ ಸುತ್ತಿನ ಒಂದು ಆಯ್ಕೆ. ತಲೆ ಮೇಲೆ ಬಿದ್ದ ಡೆಡ್ ಮನಿ 3 ಕೋಟಿ ಡಾಲರ್‌ಗೂ ಜಾಸ್ತಿ.

"ಕೊಡಿ" ಅನ್ನೋರ ವಾದ ಏನಿತ್ತು?

ಅವರ ದೊಡ್ಡ ಅಸ್ತ್ರ ಪರ್ಡಿಯ ಸಂಬಳ. ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆ. 2024ರಲ್ಲಿ ಅವನ ಸಂಬಳ 10 ಲಕ್ಷ ಡಾಲರ್‌ನ ಆಸುಪಾಸು. ಬೇರೆ ತಂಡಗಳು ಕ್ವಾರ್ಟರ್‌ಬ್ಯಾಕ್‌ಗೆ ವರ್ಷಕ್ಕೆ 5 ಕೋಟಿ ಕೊಡುತ್ತಿದ್ದಾಗ ನೈನರ್ಸ್ ಹತ್ತಿರ ಅಷ್ಟು ದುಡ್ಡು ಉಳಿದಿತ್ತು. ಈ ಅವಕಾಶದ ಕಿಟಕಿ ಮುಚ್ಚುವ ಮುಂಚೆ ಗೆಲ್ಲಬೇಕು, ಅದಕ್ಕೆ ಐಯುಕ್ ಬೇಕು ಅನ್ನೋದು ಅವರ ಮಾತು. ಕಿಟಕಿ ನಿಜವಾಗಿಯೂ ಮುಚ್ಚಿತು. ಮೇ 2025ರಲ್ಲಿ ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದವಾಯಿತು.

ಆಟದ ಕಾರಣವೂ ಇತ್ತು. ಡೀಬೋ ಚೆಂಡು ಕೈಗೆ ಬಂದ ಮೇಲೆ ಅಪಾಯಕಾರಿ. ಐಯುಕ್ ಚೆಂಡು ಬರುವ ಮುಂಚೆಯೇ ಅಪಾಯಕಾರಿ. ಒಬ್ಬನೇ ಡಿಫೆಂಡರ್ ಎದುರಿಗಿದ್ದರೆ ಆ ತಂಡದಲ್ಲಿ ಅವನಷ್ಟು ಚೆನ್ನಾಗಿ ಜಾಗ ಮಾಡಿಕೊಳ್ಳುವವರು ಇರಲಿಲ್ಲ. ಜೊತೆಗೆ ಮೆಕ್ಯಾಫ್ರಿ ಓಡುವಾಗ ಅಡ್ಡ ನಿಂತು ಡಿಫೆಂಡರ್‌ನನ್ನು ತಳ್ಳುವ ಕೆಲಸವನ್ನೂ ಮನಸ್ಸಿಟ್ಟು ಮಾಡುತ್ತಿದ್ದ. ಅಂಕಿಅಂಶದ ಪಟ್ಟಿಯಲ್ಲಿ ಅದು ಎಲ್ಲೂ ಕಾಣಲ್ಲ.

"ಬೇಡ" ಅನ್ನೋರು ಏನಂದರು?

ಅವರು ಸೂಪರ್ ಬೌಲ್ ಕಡೆ ಬೆರಳು ತೋರಿಸಿದರು. ಫೆಬ್ರವರಿ 11, 2024. ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ ಹೆಚ್ಚುವರಿ ಸಮಯ. ನೈನರ್ಸ್ ಎದುರಾಳಿಯ 9 ಗಜದ ಗೆರೆ ಹತ್ತಿರ ಬಂದಿದ್ದರು. ಮೂರನೇ ಡೌನ್‌ನಲ್ಲಿ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು) ಚೀಫ್ಸ್‌ನ ಕ್ರಿಸ್ ಜೋನ್ಸ್‌ನನ್ನು ತಡೆಯೋರೇ ಇರಲಿಲ್ಲ. ನೇರವಾಗಿ ಪರ್ಡಿ ಮೇಲೆ ನುಗ್ಗಿದ. ಚೆಂಡು ಅವಸರದಲ್ಲಿ ಹೋಗಿ ಕೆಳಗೆ ಬಿತ್ತು. ಮೂರು ಅಂಕಕ್ಕೆ ತೃಪ್ತಿಪಡಬೇಕಾಯಿತು, 25-22ಕ್ಕೆ ಸೋತರು. "ಅಲ್ಲಿ ರಿಸೀವರ್‌ಗಳು ಇದ್ದರು. ಇಲ್ಲದಿದ್ದದ್ದು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಫೆನ್ಸಿವ್ ಲೈನ್‌ನಲ್ಲಿ ಜೋನ್ಸ್‌ನನ್ನು ತಡೆಯುವವನು. ದುಡ್ಡು ಅಲ್ಲಿಗೆ ಹಾಕಿ" ಅನ್ನೋದು ಈ ಬಣದ ಮಾತು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಈ ವಾದದಲ್ಲಿ ಇದಕ್ಕಿಂತ ಗಟ್ಟಿ ಮಾತು ಇನ್ನೊಂದಿಲ್ಲ.

ಜೊತೆಗೆ, ಶಾನಹನ್ ಅವರ ಆಟದ ಯೋಜನೆಗಳಲ್ಲಿ ಯಾರು ಬೇಕಾದರೂ ಮಿಂಚುತ್ತಾರೆ ಅನ್ನೋ ನಂಬಿಕೆ. ಏಳನೇ ಸುತ್ತಿನಲ್ಲಿ ಬಂದ ಜವಾನ್ ಜೆನ್ನಿಂಗ್ಸ್ ಸೆಪ್ಟೆಂಬರ್ 2024ರಲ್ಲಿ ರ‍್ಯಾಮ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 11 ಕ್ಯಾಚ್, 175 ಗಜ, 3 ಟಚ್‌ಡೌನ್ ಗಳಿಸಿದಾಗ ಈ ಬಣ ಮತ್ತೆ ಎದ್ದು ನಿಂತಿತು. ಆದರೆ ಆ ಪಂದ್ಯವನ್ನೂ ನೈನರ್ಸ್ 27-24ಕ್ಕೆ ಸೋತರು ಅನ್ನೋದನ್ನು ಮರೆಯಬಾರದು.

ಮೂರನೆಯದು ಡ್ರಾಫ್ಟ್. ಏಪ್ರಿಲ್ 2024ರಲ್ಲಿ ತಂಡ ಮೊದಲ ಸುತ್ತಿನಲ್ಲೇ, 31ನೇ ಆಯ್ಕೆಯಾಗಿ ರಿಕಿ ಪಿಯರ್ಸಲ್ ಎಂಬ ರಿಸೀವರ್‌ನನ್ನು ತೆಗೆದುಕೊಂಡಿತು. ಐಯುಕ್ ಹೋಗುವುದು ಖಂಡಿತ ಅಂತ ಅಂದೇ ಎಷ್ಟೋ ಜನ ತೀರ್ಮಾನ ಮಾಡಿಬಿಟ್ಟರು.

ಒಳ್ಳೆ ರಿಸೀವರ್‌ನನ್ನು ಟ್ರೇಡ್ ಮಾಡಿ ಗೆದ್ದವರು ಇದ್ದಾರಾ?

ಇದ್ದಾರೆ. ಸೋತವರೂ ಇದ್ದಾರೆ. ಮೂರು ಉದಾಹರಣೆ ಸಾಕು.

ಮಾರ್ಚ್ 2022ರಲ್ಲಿ ಚೀಫ್ಸ್ ಟೈರೀಕ್ ಹಿಲ್‌ನನ್ನು ಮಯಾಮಿಗೆ ಕೊಟ್ಟು ಐದು ಡ್ರಾಫ್ಟ್ ಆಯ್ಕೆ ಪಡೆದರು. ಮುಂದಿನ ಎರಡೂ ಸೂಪರ್ ಬೌಲ್ ಚೀಫ್ಸ್ ಪಾಲಾಯಿತು. "ಬಿಟ್ಟುಬಿಡಿ" ಅನ್ನೋರೆಲ್ಲಾ ಹೇಳೋ ಮೊದಲ ಕಥೆ ಇದು. ಆದರೆ ಅವರ ಹತ್ತಿರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಇದ್ದ, ಟ್ರಾವಿಸ್ ಕೆಲ್ಸಿ ಇದ್ದ. ಎಲ್ಲರ ಹತ್ತಿರ ಇರ್ತಾರಾ?

ಅದೇ ವರ್ಷ ಏಪ್ರಿಲ್‌ನಲ್ಲಿ, ಡ್ರಾಫ್ಟ್ ನಡೆಯುತ್ತಿದ್ದ ರಾತ್ರಿಯೇ, ಟೆನ್ನೆಸ್ಸೀ ಟೈಟನ್ಸ್ ಎ.ಜೆ. ಬ್ರೌನ್‌ನನ್ನು ಫಿಲಡೆಲ್ಫಿಯಾ ಈಗಲ್ಸ್‌ಗೆ ಕೊಟ್ಟರು. ಬಂದ 18ನೇ ಆಯ್ಕೆಯಲ್ಲಿ ಟ್ರೇಲನ್ ಬರ್ಕ್ಸ್ ಎಂಬ ಹೊಸ ರಿಸೀವರ್‌ನನ್ನು ತಂದರು. ಅಗ್ಗದ ಬ್ರೌನ್ ಸಿಕ್ಕ ಅಂದುಕೊಂಡರು. ಹಾಗಾಗಲಿಲ್ಲ. ಡಿಸೆಂಬರ್‌ನಲ್ಲಿ ಬ್ರೌನ್ ತನ್ನ ಹಳೇ ತಂಡದ ವಿರುದ್ಧವೇ ಎರಡು ಟಚ್‌ಡೌನ್ ಹೊಡೆದ. ಅದೇ ವಾರ ಟೈಟನ್ಸ್ ತಮ್ಮ ಜನರಲ್ ಮ್ಯಾನೇಜರ್‌ನನ್ನು ಮನೆಗೆ ಕಳಿಸಿದರು. ಬ್ರೌನ್ ಫೆಬ್ರವರಿ 2025ರಲ್ಲಿ ಈಗಲ್ಸ್ ಜೊತೆ ಸೂಪರ್ ಬೌಲ್ ಗೆದ್ದ.

ಮೂರನೆಯದರಲ್ಲಿ ಇಬ್ಬರಿಗೂ ಲಾಭ. 2020ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ಸ್ಟೆಫಾನ್ ಡಿಗ್ಸ್‌ನನ್ನು ಬಫಲೋಗೆ ಕೊಟ್ಟರು. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಕ್ಯಾಚ್, ಅತಿ ಹೆಚ್ಚು ಗಜ ಡಿಗ್ಸ್‌ನದು. ವೈಕಿಂಗ್ಸ್‌ಗೆ ಬಂದ 22ನೇ ಆಯ್ಕೆಯಲ್ಲಿ ಸಿಕ್ಕವನು ಜಸ್ಟಿನ್ ಜೆಫರ್ಸನ್. ಆಮೇಲೆ ಜೆಫರ್ಸನ್‌ಗೆ 14 ಕೋಟಿ ಡಾಲರ್ ಕೊಡಬೇಕಾಯಿತು, ಅದು ಬೇರೆ ಮಾತು.

ಫ್ರಾಂಚೈಸ್ ಟ್ಯಾಗ್ ಹಾಕಿ ಇನ್ನೊಂದು ವರ್ಷ ಇಟ್ಟುಕೊಳ್ಳಬಹುದಿತ್ತಲ್ಲ?

2025ಕ್ಕೆ ಹಾಕಬಹುದಿತ್ತು. ಟ್ಯಾಗ್ ಅಂದರೆ ಆಟಗಾರ ಹೊರಗೆ ಹೋಗದಂತೆ ಒಂದೇ ವರ್ಷಕ್ಕೆ ಕಟ್ಟಿಹಾಕೋದು. 2024ರಲ್ಲಿ ರಿಸೀವರ್ ಟ್ಯಾಗ್‌ನ ಬೆಲೆ ಸುಮಾರು 2.18 ಕೋಟಿ ಡಾಲರ್. ಹಂಚೋಕೆ ಆಗಲ್ಲ, ಪೂರ್ತಿ ಒಂದೇ ವರ್ಷದ ಕ್ಯಾಪ್ ಮೇಲೆ ಬೀಳುತ್ತದೆ. ಆಟಗಾರನ ಮನಸ್ಸೂ ಕೆಡುತ್ತದೆ.

ಮಾತುಕತೆ ಯಾಕೆ ಅಷ್ಟು ಎಳೆಯಿತು?

ನನಗೆ ಇಂದಿಗೂ ಬೇಜಾರು ಇರೋದು ಇದರ ಬಗ್ಗೆ. ಏಪ್ರಿಲ್ 2024ರಲ್ಲಿ ಡೆಟ್ರಾಯ್ಟ್‌ನ ಅಮನ್-ರಾ ಸೇಂಟ್ ಬ್ರೌನ್‌ಗೆ ವರ್ಷಕ್ಕೆ 3 ಕೋಟಿ ಡಾಲರ್ ಲೆಕ್ಕದಲ್ಲಿ ಒಪ್ಪಂದ ಆಯಿತು. ಅದೇ ತಿಂಗಳು ಎ.ಜೆ. ಬ್ರೌನ್‌ಗೆ 3.2 ಕೋಟಿ. ಜೂನ್‌ನಲ್ಲಿ ಜೆಫರ್ಸನ್‌ಗೆ 3.5 ಕೋಟಿ. ಆಗಸ್ಟ್ 26ರಂದು ಡಲ್ಲಾಸ್‌ನ ಸೀಡೀ ಲ್ಯಾಂಬ್‌ಗೆ 3.4 ಕೋಟಿ. ಒಬ್ಬೊಬ್ಬರು ಸಹಿ ಹಾಕಿದಂತೆ ಉಳಿದವರ ಬೆಲೆಯೂ ಏರುತ್ತದೆ. ಮಾರ್ಚ್‌ನಲ್ಲೇ ಎದುರುಬದುರು ಕೂತು ಮುಗಿಸಿದ್ದರೆ ಕಡಿಮೆಗೆ ಆಗುತ್ತಿತ್ತು ಅಂತ ನನ್ನ ಬಲವಾದ ನಂಬಿಕೆ.

ಜುಲೈನಲ್ಲಿ ಐಯುಕ್ ಟ್ರೇಡ್ ಕೇಳಿದ. ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್, ನ್ಯೂ ಇಂಗ್ಲೆಂಡ್ ಹೆಸರುಗಳು ಓಡಾಡಿದವು. ಅವನು ಸೀಸನ್‌ಗೆ ಮುಂಚಿನ ತರಬೇತಿ ಕ್ಯಾಂಪ್‌ಗೆ ಬಂದ, ಆದರೆ ಅಭ್ಯಾಸ ಮಾಡಲಿಲ್ಲ. ಇದಕ್ಕೆ ಹೋಲ್ಡ್-ಇನ್ ಅನ್ನುತ್ತಾರೆ. ಕ್ಯಾಂಪ್‌ಗೇ ಬರದಿದ್ದರೆ ದಿನಕ್ಕೆ ಹತ್ತಾರು ಸಾವಿರ ಡಾಲರ್ ದಂಡ. ಹಾಗಾಗಿ ಈಗ ಆಟಗಾರರು ಬಂದು, ಬದಿಯಲ್ಲಿ ನಿಂತು ನೋಡುತ್ತಾರೆ. ಸಹಿ ಆದಾಗ ಸೀಸನ್‌ಗೆ ಉಳಿದಿದ್ದು ಹತ್ತು ದಿನ ಚಿಲ್ಲರೆ. ಮೊದಲ ಪಂದ್ಯದಲ್ಲಿ ಅವನದು 2 ಕ್ಯಾಚ್, 28 ಗಜ. ಕ್ಯಾಂಪ್ ತಪ್ಪಿದ್ದು ಕಣ್ಣಿಗೆ ಹೊಡೆಯುವಂತಿತ್ತು.

ಸಹಿ ಹಾಕಿದ ಮೇಲೆ ಏನಾಯ್ತು?

ಅಕ್ಟೋಬರ್ 6ರಂದು ಅರಿಜೋನಾ ವಿರುದ್ಧ 8 ಕ್ಯಾಚ್, 147 ಗಜ. ಹಳೇ ಐಯುಕ್ ಮರಳಿ ಬಂದ ಅನಿಸಿತು. ಎರಡು ವಾರದ ನಂತರ, ಅಕ್ಟೋಬರ್ 20ರಂದು, ಲೀವೈಸ್‌ನಲ್ಲೇ ಚೀಫ್ಸ್ ವಿರುದ್ಧ ಮಂಡಿಗೆ ಪೆಟ್ಟು ಬಿತ್ತು. ಎಸಿಎಲ್ ಅನ್ನೋ ಮಂಡಿಯ ಲಿಗಮೆಂಟ್ ಹರಿದಿತ್ತು. 7 ಪಂದ್ಯ, 25 ಕ್ಯಾಚ್, 374 ಗಜಕ್ಕೆ ಅವನ ವರ್ಷ ಮುಗಿಯಿತು. ತಂಡ 6 ಪಂದ್ಯ ಗೆದ್ದು, 11 ಸೋತು ಸೀಸನ್ ಮುಗಿಸಿತು.

2025ರಲ್ಲಿ ಅವನು ಒಂದೂ ಪಂದ್ಯ ಆಡಲಿಲ್ಲ. ತಂಡಕ್ಕೂ ಅವನಿಗೂ ನಡುವೆ ಸಂಬಂಧ ಹಳಸಿತು. ಅವನ 2026ರ ಸುಮಾರು 2.7 ಕೋಟಿ ಡಾಲರ್ ಗ್ಯಾರಂಟಿಯನ್ನು ತಂಡ ರದ್ದು ಮಾಡಿದೆ ಅನ್ನೋ ಸುದ್ದಿ ಆ ನವೆಂಬರ್‌ನಲ್ಲಿ ಹೊರಬಿತ್ತು. ತಂಡದ ಜೊತೆ ಇರಬೇಕಾದ ಹೊತ್ತಿನಲ್ಲಿ ಬರಲಿಲ್ಲ ಅನ್ನೋದು ವರದಿಗಳಲ್ಲಿ ಬಂದ ಕಾರಣ.

ಗ್ಯಾರಂಟಿಯನ್ನೂ ರದ್ದು ಮಾಡಬಹುದಾ?

ಮಾಡಬಹುದು. ಆಟಗಾರ ಒಪ್ಪಂದದ ಷರತ್ತು ಮುರಿದರೆ ಗ್ಯಾರಂಟಿ ಹೋಗುತ್ತದೆ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ.

ಹಾಗಾದರೆ ಹೊಸ ಒಪ್ಪಂದ ಕೊಟ್ಟಿದ್ದೇ ತಪ್ಪು ಅಲ್ವಾ?

ಬಹಳ ಜನ ಈಗ ಹಾಗೇ ಹೇಳ್ತಾರೆ. ನಾನು ಒಪ್ಪಲ್ಲ. ಮಂಡಿ ಹರಿಯುತ್ತದೆ ಅಂತ ಆಗಸ್ಟ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಮೇಜಿನ ಮೇಲಿದ್ದ ವಿಷಯಗಳನ್ನು ಮಾತ್ರ ಇಟ್ಟುಕೊಂಡು ತೂಗಬೇಕು. ವಯಸ್ಸು 26, ಸತತ ಎರಡು ವರ್ಷ ಸಾವಿರ ಗಜದ ಮೇಲೆ, ಕ್ವಾರ್ಟರ್‌ಬ್ಯಾಕ್‌ನ ಸಂಬಳ ತೀರಾ ಕಡಿಮೆ, ಸೂಪರ್ ಬೌಲ್ ಸೋತು ಏಳು ತಿಂಗಳೂ ಆಗಿಲ್ಲ. 1994ರ ಸೀಸನ್ ನಂತರ ಪ್ರಶಸ್ತಿ ನೋಡದ ತಂಡ ಇದು. ಕೊಡಬೇಕಿತ್ತು, ಕೊಟ್ಟರು.

ತಪ್ಪು ಇದ್ದದ್ದು ಎರಡು ಕಡೆ. ಒಂದು, ಮನಸ್ಸು ಗಟ್ಟಿ ಮಾಡದೆ ಐದು ತಿಂಗಳು ಎಳೆದದ್ದು. ಡ್ರಾಫ್ಟ್‌ಗೆ ಮುಂಚೆ ಕೊಡಬೇಕಿತ್ತು, ಇಲ್ಲವೇ ಡ್ರಾಫ್ಟ್‌ಗೆ ಮುಂಚೆ ಟ್ರೇಡ್ ಮಾಡಿ ಒಳ್ಳೆ ಆಯ್ಕೆ ಪಡೆಯಬೇಕಿತ್ತು. ಆಗಸ್ಟ್‌ನಲ್ಲಿ ಎರಡಕ್ಕೂ ತಡವಾಗಿತ್ತು. ಇನ್ನೊಂದು, ಆಫೆನ್ಸಿವ್ ಲೈನ್. ರಿಸೀವರ್ ಜಾಗ ಮಾಡಿಕೊಳ್ಳೋಕೆ ಎರಡೂವರೆ ಸೆಕೆಂಡ್ ಬೇಕು. ಅಷ್ಟು ಹೊತ್ತು ಕ್ವಾರ್ಟರ್‌ಬ್ಯಾಕ್ ನಿಂತಿರಬೇಕಲ್ವಾ? ಡೀಬೋ, ಐಯುಕ್ ಇಬ್ಬರಿಗೂ ದುಡ್ಡು ಕೊಟ್ಟು, ಮೊದಲ ಸುತ್ತಿನಲ್ಲಿ ಮೂರನೇ ರಿಸೀವರ್‌ನನ್ನೂ ತಂದರು. ಆ 31ನೇ ಆಯ್ಕೆ ಲೈನ್‌ಗೆ ಹೋಗಬೇಕಿತ್ತು.

ಆಟಗಾರನ ಮೇಲೆ ಸಿಟ್ಟು ಮಾಡಿಕೊಳ್ಳೋದು ಸರಿಯಾ?

ಅವನು ಆ ಬೇಸಿಗೆ ಹಟ ಹಿಡಿಯದೆ ಸುಮ್ಮನೆ ಆಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಅದೇ ಅಕ್ಟೋಬರ್‌ನಲ್ಲಿ ಅದೇ ಮಂಡಿ ಹೋಗಿದ್ದರೆ ಅವನ ಕೈಯಲ್ಲಿ ಇರುತ್ತಿದ್ದದ್ದು ಆ ವರ್ಷದ 1.41 ಕೋಟಿ ಮಾತ್ರ. ಮುಂದಿನ ವರ್ಷಗಳಿಗೆ ಯಾವ ಭರವಸೆಯೂ ಇರುತ್ತಿರಲಿಲ್ಲ. ಹಾಗಾಗಿ ಒಪ್ಪಂದಕ್ಕೆ ಹಟ ಹಿಡಿದದ್ದಕ್ಕೆ ನನಗೆ ಸಿಟ್ಟಿಲ್ಲ. ಸಹಿ ಹಾಕಿದ ಮೇಲೆ ದೂರ ಸರಿದದ್ದರ ಬಗ್ಗೆ ನೋವಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮುಂದಿನ ಸಲ ಇಂಥ ವಾದ ಶುರುವಾದಾಗ ಏನೇನು ನೋಡಬೇಕು?

ಮೊದಲು ಕ್ವಾರ್ಟರ್‌ಬ್ಯಾಕ್‌ನ ಸಂಬಳ ನೋಡಿ. ಅವನು ಅಗ್ಗವಾಗಿದ್ದರೆ ರಿಸೀವರ್‌ಗೆ ಕೊಡೋದು ಕಷ್ಟವಲ್ಲ. ಅವನೇ 5 ಕೋಟಿ ತೆಗೆದುಕೊಳ್ಳುತ್ತಿದ್ದರೆ ಎರಡು ಸಲ ಯೋಚಿಸಿ. ಸಿನ್ಸಿನಾಟಿ ಮಾರ್ಚ್ 2025ರಲ್ಲಿ ತನ್ನ ಇಬ್ಬರು ರಿಸೀವರ್‌ಗಳಿಗೆ, ಜಮಾರ್ ಚೇಸ್‌ಗೆ 16.1 ಕೋಟಿ, ಟೀ ಹಿಗ್ಗಿನ್ಸ್‌ಗೆ 11.5 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ ಆಗಲೇ ವರ್ಷಕ್ಕೆ 5.5 ಕೋಟಿಯವನು. ಮೂವರೂ ಅದ್ಭುತ ಆಟಗಾರರೇ. ಅವರ ಡಿಫೆನ್ಸ್ ಮಾತ್ರ ಸೊರಗಿತು.

ಆಮೇಲೆ ವಯಸ್ಸು ನೋಡಿ. ಒಪ್ಪಂದದ ಕೊನೆಯ ವರ್ಷಕ್ಕೆ ಅವನು ಮೂವತ್ತು ದಾಟಿರುತ್ತಾನಾ? ಗ್ಯಾರಂಟಿ ಯಾವ ವರ್ಷಕ್ಕೆ ಮುಗಿಯುತ್ತದೆ ಅಂತಲೂ ನೋಡಿ. ತಂಡ ನಿಜವಾಗಿ ಮಾತು ಕೊಟ್ಟಿರೋದು ಅಲ್ಲಿಯವರೆಗೆ ಮಾತ್ರ.

ಕೊನೆಯದಾಗಿ, ಸಾಧ್ಯವಾದರೆ ಒಂದು ಪಂದ್ಯಕ್ಕೆ ಸ್ಟೇಡಿಯಂಗೇ ಹೋಗಿ. ಲೀವೈಸ್‌ಗೆ ಮೌಂಟನ್ ವ್ಯೂನಿಂದ ಲೈಟ್ ರೈಲ್ ಇದೆ, ಪಾರ್ಕಿಂಗ್ ತಲೆನೋವು ಬೇಡ. ಮೇಲಿನ ಸೀಟೇ ಒಳ್ಳೆಯದು, ಪೂರ್ತಿ ಮೈದಾನ ಕಾಣುತ್ತದೆ. ಚೆಂಡನ್ನು ಬಿಟ್ಟು ಒಬ್ಬ ರಿಸೀವರ್‌ನನ್ನೇ ಒಂದು ಕ್ವಾರ್ಟರ್ ಪೂರ್ತಿ ನೋಡಿ. ಅವನಿಗಾಗಿ ಇಬ್ಬರು ಡಿಫೆಂಡರ್‌ಗಳು ಬರುತ್ತಾರಾ? ಓಟದ ಆಟದಲ್ಲಿ ಅವನು ಬ್ಲಾಕ್ ಮಾಡುತ್ತಾನಾ, ಸುಮ್ಮನೆ ನಿಲ್ಲುತ್ತಾನಾ? ಚೆಂಡು ತನಗೆ ಬರಲ್ಲ ಅಂತ ಗೊತ್ತಿದ್ದಾಗಲೂ ಜೋರಾಗಿ ಓಡುತ್ತಾನಾ? 3 ಕೋಟಿ ಡಾಲರ್ ಕೊಡಬೇಕಾ ಬೇಡವಾ ಅನ್ನೋದಕ್ಕೆ ಉತ್ತರ ಕ್ಯಾಚ್‌ಗಳಿಗಿಂತ ಅಲ್ಲೇ ಜಾಸ್ತಿ ಸಿಗುತ್ತದೆ.